ಕೈಯಳತಿ

ದುರ್ಗದಬೈಲಿನಲ್ಲಿ ಮೆಟ್ಟಿಲ ಕೆಳಗೆ ನನ್ನ ಅಂಗಡಿ:
ಎರಡು ಕುರ್ಚಿ, ಒಂದು ಪರದೆ, ಒಂದು ನೋಟುಪುಸ್ತಕ.
ವಿಮಾನದ ದರ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ.
ಪೆನ್ನಿನಲ್ಲಿ ಬರೆದರೆ ಚಹಾ ಆರುವುದರೊಳಗೆ ಸುಳ್ಳಾಗುತ್ತದೆ.

ಫೆಬ್ರವರಿ: ಹುಬ್ಬಳ್ಳಿ–ಮುಂಬಯಿ, ಎರಡು ಸಾವಿರದ ಆರುನೂರು.
ಮಾರ್ಚ್ ನಾಲ್ಕು: ಸಾವಿರದ ಒಂಬೈನೂರು.
ಹನ್ನೊಂದಕ್ಕೆ ಸಾವಿರದ ಇನ್ನೂರು.
ಟಿವಿಯಲ್ಲಿ ಒಂದು ಸಂಖ್ಯೆ ಏರುತ್ತಿತ್ತು,
ನನ್ನ ಪರದೆಯಲ್ಲಿ ಒಂದು ಇಳಿಯುತ್ತಿತ್ತು,
ಒಂದೇ ಗಡಗಡಿಯ ಎರಡು ಕೊಡ.

ಹದಿನಾರಕ್ಕೆ ಎಂಟುನೂರಾ ತೊಂಬತ್ತೊಂಬತ್ತು.
ಅವತ್ತೇ ಬಂದಳು ಎದುರು ಸಾಲಿನ ಬಳೆಗಾರ್ತಿ, ಖೈರುನ್‌ಬಿ ಮನಿಯಾರ.
"ಬಸ್ಸಿಗಿಂತ ಸೋವಿ ಆತಲ್ಲವಾ! ಕುರ್ಲಾದಾಗ ನಮ್ಮಕ್ಕ ಅದಾಳ,
ಹನ್ನೊಂದು ವರ್ಷಾತು ಮಾರಿ ನೋಡಿ.
ಏಪ್ರಿಲ್ ಹನ್ನೆರಡಕ್ಕ ಹಾಕು. ಕಿಟಕಿ ಬಾಜೂಕ."
ಕೊಟ್ಟ ನೋಟಿಗೆ ಚಮಕಿ ಅಂಟಿತ್ತು.
ಒಂದು ರೂಪಾಯಿ ಚಿಲ್ಲರೆ ಮರೆಯದೆ ಇಸಕೊಂಡಳು.

ಏಪ್ರಿಲ್ ಹನ್ನೆರಡು: ಪುಸ್ತಕದಲ್ಲಿ ಬರೀ ಒಂದು ಗೆರೆ.
ಗೋಕುಲ ರೋಡಿನಾಚೆ, ರನ್‌ವೇ ಅಂಚಿಗೆ
ಟಿಟ್ಟಿಭ ಮೊಟ್ಟೆಯಿಟ್ಟಿದೆ ಅಂದ, ಹುಲ್ಲು ಕೊಯ್ಯುವ ಹುಡುಗ.

ಮೇ ಕೊನೆಗೆ ವಿಮಾನ ಎದ್ದವು.
ಇದಕ್ಕಿಂತ ಕೆಳಗಿಲ್ಲ, ಇದಕ್ಕಿಂತ ಮೇಲಿಲ್ಲ ಎಂದು
ಸರಕಾರ ಎರಡು ಗೆರೆ ಎಳೆಯಿತು.
ಖೈರುನ್‌ಬಿಯ ರೊಕ್ಕ ಎರಡೂ ಗೆರೆಯ ಹೊರಗೆ,
ಕಂಪನಿಯ ಖಾತೆಯಲ್ಲಿ 'ಜಮಾ' ಎಂಬ ಹೆಸರು ಹೊತ್ತು ಕೂತಿತ್ತು.
ಶುಕ್ರವಾರಕ್ಕೊಮ್ಮೆ ಬರುವಳು, ಮಾಸ್ಕಿನ ಮೇಲೆ ಕಣ್ಣಷ್ಟೇ.
"ಬಂತೇನ?"
"ಇಲ್ಲ ಮೌಸಿ."
"ರೊಕ್ಕ ಬ್ಯಾಡ, ಸೀಟರ ಕೊಡಲಿ."
ಸೀಟಿಗೆ ಈಗ ಮೂರು ಸಾವಿರದ ಏಳುನೂರು.

ಮುಂದಿನ ಬೇಸಿಗೆ, ರಾತ್ರಿ ಹತ್ತೂವರೆ.
ಅರ್ಧ ಎಳೆದ ಶಟರಿನಡಿ ಬಗ್ಗಿ ಬಂದವರು
ಬ್ಯಾಡಗಿಯ ದಲಾಲ ಶಿದ್ಲಿಂಗಪ್ಪ ಮೆಣಸಿನಕಾಯಿ.
ಟವೆಲ್ಲಿನಡಿ ಬೆರಳು ಹಿಡಿದು, ಕ್ವಿಂಟಲ್ಲಿಗೆ ಹತ್ತು ರೂಪಾಯಿಗಾಗಿ
ಅರ್ಧ ತಾಸು ಕುಸ್ತಿ ಹಿಡಿಯುವ ಕೈ.
"ಹೈದ್ರಾಬಾದ. ನಾಳೆ ಮುಂಜಾನೆ. ಅಳಿಯ ದವಾಖಾನ್ಯಾಗದಾನ."
ಕಡೆಯ ಸೀಟು ಆರು ಸಾವಿರದ ಒಂಬೈನೂರು ಅಂದೆ.
ಹೂಂ ಅಂದರು.
ಹೆಸರು ಒತ್ತುವುದರೊಳಗೆ ಏಳು ಸಾವಿರದ ನಾನೂರಾಯಿತು.
ಅದಕ್ಕೂ ಹೂಂ.
ಚೌಕಾಸಿ ಮಾಡದ ಮನುಷ್ಯನನ್ನು ಈ ಊರಲ್ಲಿ ನೋಡಿರಲಿಲ್ಲ ನಾನು.
ಶಟರ್ ಇಳಿಸುವಾಗ ನನಗೆ ಹೆದರಿಕೆ ಬಂತು.

ಆಮೇಲೆ ಜನ ಸೇಡು ತೀರಿಸಿಕೊಳ್ಳುವವರಂತೆ ಹಾರಿದರು.
ಗೆರೆಗಳೆರಡೂ ಅಳಿಸಿದವು.
ದೀಪಾವಳಿಗೆ ಮುಂಬಯಿ ಒಂಬತ್ತು ಸಾವಿರ ದಾಟಿತು.
ಅಷ್ಟರಲ್ಲಿ ಅಕ್ಕನೇ ರೈಲಿನಲ್ಲಿ ಬಂದು
ಹದಿನೈದು ದಿನವಿದ್ದು, ತಂಗಿಯ ಅಡುಗೆಗೆ ಹೆಸರಿಟ್ಟು, ಹೋಗಿದ್ದಳು.

ಎಂಟುನೂರಾ ತೊಂಬತ್ತೊಂಬತ್ತು ಒಂದು ಮಂಗಳವಾರ ಬಂತು,
ತಡವಾಯಿತೆಂಬ ಒಂದು ಮಾತೂ ಇಲ್ಲದೆ.
ಒಂಬೈನೂರು ಕೊಟ್ಟೆ.
ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತಿರುಗಿ ಇಟ್ಟಳು.
ಇಟ್ಟ ಕೈಯಿಂದಲೇ ನನ್ನ ಕೈ ಹಿಡಿದು, ಗೆಣ್ಣು ಹಿಚುಕಿ,
ಹಸಿರು ಬಳೆ ಏರಿಸುತ್ತ ಅಂದಳು:
"ನಾ ಕೈಯಳತಿ ನೋಡತೇನಿ, ಅವಸರ ನೋಡಂಗಿಲ್ಲ.
ನಾಳೆ ಮದುವಿ ಅಂದ್ರೂ ಡಜನಿಗೆ ಎಂಬತ್ತ.
ಮೊದಲ ಅರವತ್ತಿತ್ತು, ಖರೆ. ಫಿರೋಜಾಬಾದಿನ ಲಾರಿ ಬಾಡಿಗಿ ಏರೇತಿ.
ಕೇಳಿದವ್ರಿಗೆ ಕಾರಣ ಹೇಳತೇನಿ.
ನಿನ್ನ ಪರದೆ ಹೇಳತೈತೇನು?"

ನಾನು ಸುಮ್ಮನಿದ್ದೆ. ಆಮೇಲೆ ಅವಳೇ,
"ಅದಿರಲಿ, ಎಲ್ಲಾಕಿಂತ ಸೋವಿ ಯಾವತ್ತಿತ್ತು?"
ಪುಸ್ತಕ ತಿರುವಿದೆ. ಏಪ್ರಿಲ್ಲಿನ ಬರೀ ಗೆರೆಯ ಮೇಲೆ
ಅವಳ ಬೆರಳು ತುಸು ಹೊತ್ತು ನಿಂತಿತು.
"ಅವತ್ತ ಹೋಗಬೇಕಿತ್ತು ನೋಡು," ಅಂದು ನಕ್ಕು ಹೋದಳು.

ಬಳೆ ಕೀಲಿಗಳಿಗೆ ತಾಗಿ ಸದ್ದು ಮಾಡುತ್ತಿದೆ.
ಎಂಬತ್ತು ರೂಪಾಯಿ ಕೊಡುವುದು ಬಾಕಿ.
ಮುಂಬಯಿ ಮತ್ತೆ ಬದಲಾಗಿದೆ,
ರಬ್ಬರು ಎಲ್ಲಿಟ್ಟೆನೋ.